ಗೂಢ ಪದಬಂಧ: ಆನೆಗೆ ಕೊಂಬು ಮೂಡಿದರೆ ಕುರಿಯಾಗುವುದು ಹೇಗೆ?

ಶಹಾಬಾದ ಕಲ್ಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಳೆದ ಕಂತಿನ ಗೂಢ ಪದಬಂಧದ ಉತ್ತರಗಳನ್ನು ಹಾಕಿದ ಮೇಲೂ ಮೂರು ಸುಳಿವುಗಳ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಉತ್ತರ ಗೊತ್ತಾಗಿಯೂ ಅದು ಹೇಗೆ ಬಂತೆಂಬುದು ಗೊತ್ತಾಗದಿದ್ದರೆ ಬಿಡಿಸಿದ ಸಮಾಧಾನ ಸಿಗುವುದಿಲ್ಲ. ಆದ್ದರಿಂದ ಆ ಮೂರನ್ನೂ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಆಕ್ಷೇಪಗಳಿದ್ದರೆ ದಯವಿಟ್ಟು ಇದೇ ಚರ್ಚೆಯಲ್ಲಿ ಬರೆಯಿರಿ.

ಸಾಮಾನ್ಯ ಪದಬಂಧದ ಸುಳಿವು ಉತ್ತರದ ಅರ್ಥವನ್ನಷ್ಟೇ ಹೇಳುತ್ತದೆ. ಗೂಢ ಪದಬಂಧದ ಸುಳಿವು ಅದೇ ಉತ್ತರವನ್ನು ಎರಡು ಸಲ ಹೇಳುತ್ತದೆ: ಒಂದು ಸಲ ಅರ್ಥದಿಂದ, ಇನ್ನೊಂದು ಸಲ ಅಕ್ಷರಗಳ ಆಟದಿಂದ. ಅರ್ಥಭಾಗವು ಸುಳಿವಿನ ಮೊದಲಿಗೋ ಕೊನೆಗೋ ಇರಬೇಕು, ಆಟದ ಭಾಗವು ಉಳಿದುದನ್ನೆಲ್ಲ ಆವರಿಸಬೇಕು, ಒಂದು ಪದವೂ ಸುಮ್ಮನೆ ನಿಂತಿರಬಾರದು. ಎರಡೂ ಭಾಗಗಳು ಸೇರಿ ಒಂದು ಸಹಜವಾದ ವಾಕ್ಯದಂತೆ ಕಾಣುವುದರಿಂದಲೇ ಓದುಗರು ದಾರಿ ತಪ್ಪುವುದು.

ಮೊದಲನೆಯದು: "ಅರಳಿನೊಳಗೆ ದಳದ ತಲೆ ನುಸುಳಿ ಮೂಡಿದ ಕಪ್ಪು ಕಲೆ (3)". ಓದಿದ ಕೂಡಲೇ ಹೂವಿನ ಮೇಲೆ ಬಿದ್ದ ಕರೆಯೊಂದು ಕಣ್ಣಿಗೆ ಬರುತ್ತದೆ, ಬರಲೆಂದೇ ಹಾಗೆ ಬರೆದದ್ದು. ಈಗ ಹೂವನ್ನು ಮರೆತು ಪದಗಳನ್ನಷ್ಟೇ ನೋಡಿ. ಅರಳು ಎಂದರೆ "ಬಿರಿ". ದಳದ ತಲೆ ಎಂದರೆ ಆ ಪದದ ಮೊದಲ ಅಕ್ಷರವಾದ "ದ". ಬಿರಿಯೊಳಗೆ ದ ನುಸುಳಿದರೆ "ಬಿದರಿ". ಕಪ್ಪು ಕಲೆ ಎಂದಾಗ ಇಲ್ಲಿ ಹೇಳಿದ್ದು ಕರೆಯನ್ನಲ್ಲ, ಬೀದರಿನ ಕುಶಲಕಲೆಯನ್ನು.

ಎರಡನೆಯದು: "ಬೀಜದ ತಲೆಗೆ ಬೆಲೆ ಕಟ್ಟಿದ ಊರು (3)". ಬೀಜದ ತಲೆ "ಬೀ", ಬೆಲೆ ಎಂದರೆ "ದರ", ಒಂದಕ್ಕೊಂದು ಕಟ್ಟಿದರೆ "ಬೀದರ". ತಲೆಗೆ ಬೆಲೆ ಕಟ್ಟುವುದೆಂಬ ನುಡಿಗಟ್ಟು ನಮ್ಮ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ತಲೆ, ಬೆಲೆ, ಕಟ್ಟು ಎಂದು ಬಿಡಿಬಿಡಿಯಾಗಿ ನೋಡಲು ಮನಸ್ಸು ಒಪ್ಪುವುದಿಲ್ಲ.

ಮೂರನೆಯದು: "ಆನೆಗೆ ಕೊಂಬು ಮೂಡಿದರೆ ಉಣ್ಣೆ ಕೊಡುವ ಪ್ರಾಣಿ (2)". ಆನೆ ಎಂದರೆ "ಕರಿ". ಕೊಂಬು ಎಂದರೆ ತಲೆಯ ಮೇಲಿನ ಕೋಡಲ್ಲ, ಕಾಗುಣಿತದ ಉಕಾರ. ಕರಿಯಲ್ಲಿ "ರಿ" ಈಗಾಗಲೇ ಗುಡಿಸು ಹೊತ್ತಿರುವುದರಿಂದ ಕೊಂಬು ಹತ್ತಲು ಇರುವುದು "ಕ" ಒಂದೇ. ಹಾಗಾಗಿ "ಕುರಿ". ಇಲ್ಲಿ ಎರಡನೆಯ ಉತ್ತರಕ್ಕೆ ಎಡೆಯೇ ಇಲ್ಲ. ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದೇ.

ಕೋಟೆ ಮಣ್ಣು (ಬೀದರ)

ಸರ್, ವಿವರಣೆಗೆ ಧನ್ಯವಾದಗಳು. ಎರಡು ಆಕ್ಷೇಪಗಳಿವೆ.

ಒಂದು, "ಅರಳಿನೊಳಗೆ" ಎನ್ನುವಾಗ ಅರಳು ನಾಮಪದವಾಗುತ್ತದೆ, ಬಿರಿ ಕ್ರಿಯಾಪದ. ಎರಡನ್ನು ಸಮಾನವೆಂದು ಹಿಡಿಯುವುದು ಸರಿಯೇ? ಇನ್ನೊಂದು, ನಮ್ಮ ಊರಿನ ಹೆಸರನ್ನು ಪತ್ರಿಕೆಗಳು "ಬೀದರ್" ಎಂದು ಮುದ್ರಿಸುತ್ತವೆ. ಆಗ ಕೊನೆಯ ಮನೆಯಲ್ಲಿ ಬರುವುದು "ರ್", ಆದರೆ ದರ ಎಂಬ ಪದದಲ್ಲಿರುವುದು "ರ".

ಕಪ್ಪು ಕಲೆ ಎಂಬ ಅರ್ಥಭಾಗದ ಬಗ್ಗೆ ಮಾತ್ರ ನನಗೆ ಯಾವ ತಕರಾರೂ ಇಲ್ಲ, ಏಕೆಂದರೆ ಆ ಕಪ್ಪೇ ಬಿದರಿಯ ಜೀವ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಪಾತ್ರೆಗೆ ತಾಕಿಸಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಷ್ಟನ್ನು ಎರಡು ಪದಗಳಲ್ಲಿ ಹಿಡಿದಿದ್ದೀರಿ.

ಶಹಾಬಾದ ಕಲ್ಲು

ಎರಡೂ ಕೇಳಬೇಕಾದ ಪ್ರಶ್ನೆಗಳೇ.

ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸ ಮಾಡುವ ಪದಗಳು ಬಿಡಿಯಾಗಿ ನಿಲ್ಲುತ್ತವೆ, ಕನ್ನಡದಲ್ಲಿ ಪ್ರತ್ಯಯವು ಪದಕ್ಕೆ ಅಂಟಿಕೊಳ್ಳುತ್ತದೆ. "ಮರಣವನ್ನೇ ತಿರುಚಿ ಪಡೆದ ಗಂಡ (3)" ಎಂಬ ಸುಳಿವನ್ನು ತೆಗೆದುಕೊಳ್ಳಿ. ಓದುವವರಿಗೆ ಸಾವಿತ್ರಿಯ ಕಥೆ ನೆನಪಾಗುತ್ತದೆ. ಉತ್ತರವು ಮರಣ ಎಂಬ ಮೂರು ಅಕ್ಷರಗಳನ್ನು ಹಿಂದುಮುಂದು ಮಾಡಿದಾಗ ಬರುವ "ರಮಣ". ಇಲ್ಲಿ "ವನ್ನೇ" ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಸುಳಿವು ಕೆಡುತ್ತದೆ, ಅದನ್ನು ಬಿಟ್ಟರೆ ಕನ್ನಡದ ವಾಕ್ಯವೇ ಕೆಡುತ್ತದೆ. ಆದ್ದರಿಂದ ಪ್ರತ್ಯಯ ಕಳಚಿದ ಮೇಲೆ ಉಳಿಯುವ ಮೂಲರೂಪದ ಮೇಲೆ ಮಾತ್ರ ಆಟ ನಡೆಯುತ್ತದೆಂಬ ಒಪ್ಪಂದ ನಮ್ಮಲ್ಲಿ ಇರಲೇಬೇಕು. ಅರಳು, ಬಿರಿ ಎರಡೂ ಧಾತುಗಳಾಗಿ ಒಂದೇ ಅರ್ಥದವು: ಮೊಗ್ಗು ಅರಳಿತು, ಮೊಗ್ಗು ಬಿರಿಯಿತು. ಪ್ರತ್ಯಯ ಕಳಚಿ ನೋಡಿದರೆ ಸುಳಿವು ಸರಿಯಾಗಿಯೇ ನಿಲ್ಲುತ್ತದೆ.

ಊರಿನ ಹೆಸರಿನ ವಿಷಯದಲ್ಲಿ, ನಮ್ಮ ಭಾಗದ ಬರವಣಿಗೆಯಲ್ಲಿ ಬೀದರ ಎಂಬ ಅಕಾರಾಂತ ರೂಪವೂ ಬಳಕೆಯಲ್ಲಿದೆ, ನೀವೇ ನಿಮ್ಮ ಹೆಸರಿನ ಪಕ್ಕದಲ್ಲಿ ಹಾಗೆ ಬರೆದುಕೊಂಡಿದ್ದೀರಿ. ಆದರೆ ಹೆಸರುಗಳು ಪದಬಂಧ ಕಟ್ಟುವವರನ್ನು ಕಾಡುತ್ತವೆ ಎಂಬ ಮಾತು ನಿಜ. ಗುಲ್ಬರ್ಗಾ ಎಂದಿದ್ದಾಗ ನಮ್ಮ ಊರು ಮೂರೇ ಮನೆಗಳಲ್ಲಿ ಕೂರುತ್ತಿತ್ತು: ಗು, ಲ್ಬ, ರ್ಗಾ. 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿಯಾದ ಮೇಲೆ ಐದು ಮನೆಗಳು ಬೇಕು. "ಲ್ಬ" ಎಂಬ ಮನೆಗೆ ಅಡ್ಡಲಾಗಿ ಇನ್ನೊಂದು ಪದ ಹುಡುಕುವುದು ಎಷ್ಟು ಕಷ್ಟವೆಂಬುದು ಕಟ್ಟಿದವರಿಗೆ ಗೊತ್ತು. ಆ ದೃಷ್ಟಿಯಿಂದ ಹೊಸ ಹೆಸರು ನಮಗೆ ಉಪಕಾರವನ್ನೇ ಮಾಡಿದೆ.

ಸಗರನಾಡಿನಾಕೆ (ಯಾದಗಿರಿ)

ಅಣ್ಣನವರೆ, ಕೊಂಬಿನ ಆಟ ನೋಡಿದ ಮೇಲೆ ನನಗೆ ಬೇರೆ ಕಾಗುಣಿತ ಚಿಹ್ನೆಗಳ ಹೆಸರುಗಳೆಲ್ಲ ಹೊಸದಾಗಿ ಕಾಣತೊಡಗಿದವು. ಒತ್ತು, ಸೊನ್ನೆ, ಇಳಿ, ಗುಡಿಸು, ದೀರ್ಘ: ಇವುಗಳಲ್ಲಿ ಪ್ರತಿಯೊಂದಕ್ಕೂ ದಿನಬಳಕೆಯಲ್ಲಿ ಇನ್ನೊಂದು ಅರ್ಥವಿದೆ. ನಾನು ಕಟ್ಟಿದ ಮೂರು ಸುಳಿವುಗಳನ್ನು ಕೆಳಗೆ ಇಡುತ್ತಿದ್ದೇನೆ.

"ಒತ್ತು ಕೊಟ್ಟು ಹೇಳಿದ ಕತೆಯಲ್ಲಿ ಭಾರ ಹೊರುವ ಪ್ರಾಣಿ (2)"

"ಮರದ ಬುಡ ಗುಡಿಸಿದರೆ ಸಿಕ್ಕ ಕೂಸು (2)"

"ಹೊಸ ಗರಡಿಯೊಳಗೆ ಅಡಗಿ ಕುಳಿತ ಅರಸ (3)"

ಮೂರನೆಯದರಲ್ಲಿ ನಮ್ಮ ನಾಡಿನ ಹೆಸರೇ ಇರುವುದರಿಂದ ಯಾದಗಿರಿಯವರಿಗೆ ಬೇಗ ಹೊಳೆಯಬಹುದು. ಸುರಪುರ, ಶಹಾಪುರಗಳ ಕಡೆಯವರಂತೂ ಎರಡನೆಯ ಸಲ ಓದಲಾರರು.

ಶಹಾಬಾದ ಕಲ್ಲು

ತಂಗಿ, ಮೊದಲನೆಯದನ್ನು ಓದಿ ಬಹಳ ಸಂತೋಷವಾಯಿತು. ಕತೆಗೆ ಒತ್ತು ಕೊಟ್ಟರೆ "ಕತ್ತೆ". ಒತ್ತು ಕೊಟ್ಟು ಹೇಳುವುದು ಎಲ್ಲರ ಬಾಯಲ್ಲಿರುವ ಮಾತು, ಅದೇ ಮಾತು ಅಕ್ಷರಕ್ಕೆ ಒತ್ತು ಬರೆಯುವ ಆಜ್ಞೆಯೂ ಆಗಿದೆ. ಎರಡು ಅರ್ಥಗಳ ನಡುವೆ ಬೆಸುಗೆ ಕಾಣುವುದೇ ಇಲ್ಲ.

ಎರಡನೆಯದರಲ್ಲಿ ಮರ ಎಂಬ ಪದದ ಬುಡ, ಅಂದರೆ ಕೊನೆಯ ಅಕ್ಷರ "ರ", ಅದಕ್ಕೆ ಗುಡಿಸು ಹಾಕಿದರೆ "ಮರಿ". ಆಟದ ಭಾಗ ನಿರ್ದೋಷವಾಗಿದೆ. ಅರ್ಥಭಾಗವಾದ ಕೂಸು ಮಾತ್ರ ತುಸು ಸಡಿಲ, ಏಕೆಂದರೆ ಕೂಸೆಂದರೆ ನಮ್ಮ ಮನಸ್ಸಿಗೆ ಬರುವುದು ಮನುಷ್ಯರ ಮಗು, ಮರಿ ಎನ್ನುವುದು ಪ್ರಾಣಿಗಳದ್ದಕ್ಕೆ. "ಸಿಕ್ಕ ಕುರಿಯ ಕೂಸು" ಎಂದು ಒಂದು ಪದ ಸೇರಿಸಿದರೆ ಬಿಗಿಯಾಗುತ್ತದೆ, ಕುರಿ ಕಾಯುವವರು ಮರದ ಕೆಳಗೆ ಮರಿ ಕಂಡ ಚಿತ್ರವೂ ಬರುತ್ತದೆ.

ಮೂರನೆಯದರಲ್ಲಿ "ಹೊಸ ಗರಡಿ" ಎಂಬುದನ್ನು ನಡುವೆ ಜಾಗ ಬಿಡದೆ ಓದಿದರೆ ಹೊ-ಸ-ಗ-ರ-ಡಿ; ನಡುವಿನ ಮೂರು ಅಕ್ಷರಗಳೇ "ಸಗರ". ಅಡಗುಪದದ ಸುಳಿವುಗಳಲ್ಲಿ ಉತ್ತರವು ಒಂದು ಪದದ ಬಾಲದಿಂದ ಇನ್ನೊಂದರ ತಲೆಗೆ ಹಾಯ್ದು ಹೋಗಬೇಕು. "ಮಹಾನಗರದೊಳಗಿನ ಒಡವೆ" ಎಂದು "ನಗ"ವನ್ನು ಬಚ್ಚಿಟ್ಟರೆ ಅದು ಒಂದೇ ಪದದ ಹೊಟ್ಟೆಯಲ್ಲಿ ಬಯಲಾಗಿ ಕಾಣುತ್ತದೆ. ನಿಮ್ಮದರಲ್ಲಿ ಹಾಗಾಗಿಲ್ಲ.

ಇದೇ ಸಂದರ್ಭದಲ್ಲಿ, ಇಷ್ಟೆಲ್ಲ ಚರ್ಚೆಗೆ ಮೂಲವಾದ ನನ್ನ ನಂಬಿಕೆಯನ್ನು ಹೇಳಿಬಿಡುತ್ತೇನೆ. ಪದಬಂಧ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಆರ್ಥರ್ ವಿನ್ ಎಂಬವರ ಕೈಯಿಂದ. ಅದನ್ನು ಗೂಢವಾಗಿಸಿದವರು ಇಂಗ್ಲೆಂಡಿನವರು: 1926ರಿಂದ ಟಾರ್ಕೆಮಾಡಾ ಎಂಬ ಹೆಸರಿನಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಅವರು ಒಂದು ಭಾನುವಾರದ ಪತ್ರಿಕೆಗೆ ಬರೆದ ಪದಬಂಧಗಳು ಈ ಬಗೆಗೆ ಬುನಾದಿ ಹಾಕಿದವು. ಅವರ ಆಟಗಳು ಇಪ್ಪತ್ತಾರು ಅಕ್ಷರಗಳ ಲಿಪಿಗೆ ಹೊಂದಿದ್ದವು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ಹಾಗಾಗಿ ಎಂಟೊಂಬತ್ತು ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿ ಹೊಸ ಪದ ಕಟ್ಟುವುದು ಅಲ್ಲಿಯ ದೊಡ್ಡ ಆಟವಾಯಿತು. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ, ಅಂದರೆ ವ್ಯಂಜನ, ಅದರ ಕಾಗುಣಿತ, ಅದರ ಒತ್ತು, ಎಲ್ಲವೂ ಸೇರಿ. ಹೀಗಾಗಿ ಪಲ್ಲಟದ ಜೋಡಿಗಳು ಕನ್ನಡದಲ್ಲಿ ವಿರಳ. ಮರಣ-ರಮಣದಂಥವು ಸಿಕ್ಕರೆ ಅದೃಷ್ಟ. ಪಲ್ಲಟವೇ ಗೂಢ ಪದಬಂಧದ ತಿರುಳೆಂದು ಹಿಡಿದು ಕನ್ನಡದಲ್ಲಿ ಅದನ್ನೇ ಮಾಡಲು ಹೊರಟವರು ಬೇಗ ಸೋಲುತ್ತಾರೆ, ಆಮೇಲೆ ಕನ್ನಡಕ್ಕೆ ಇದು ಒಗ್ಗುವುದಿಲ್ಲವೆಂದು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿಗೆ ಇಲ್ಲದ ಕೊಂಬು, ಒತ್ತು, ಸೊನ್ನೆ, ದೀರ್ಘಗಳು ನಮ್ಮಲ್ಲಿವೆ. ಒಂದು ಚಿಹ್ನೆ ಏರಿಸಿದರೆ ಆನೆ ಕುರಿಯಾಗುವ, ಒಂದು ಚಿಹ್ನೆ ಇಳಿಸಿದರೆ ಗುಡಿ ಗಡಿಯಾಗುವ ಲಿಪಿಯಿದು. ಕನ್ನಡದ ಗೂಢ ಪದಬಂಧ ಬೆಳೆಯಬೇಕಾದದ್ದು ಇಲ್ಲಿಂದ.

ಕಾಗಿಣಾ ದಂಡೆ (ಸೇಡಂ)

ಈ ಮಾತಿಗೆ ನನ್ನ ಕಡೆಯಿಂದ ಒಂದು ಸೇರ್ಪಡೆ. ಅಕ್ಷರವನ್ನು ಇಡಿಯಾಗಿ ಹಿಡಿದು ಆಡುವ ಆಟ ನಮಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಲಕ್ಷಣಗ್ರಂಥವನ್ನು ಬಹುಮಟ್ಟಿಗೆ ಅನುಸರಿಸಿದ್ದು, ಆ ದಂಡಿ ತನ್ನ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಯನ್ನು, ಅಂದರೆ ಗೂಢಾರ್ಥದ ಒಗಟನ್ನು, ಹದಿನಾರು ಬಗೆಗಳಾಗಿ ವಿಂಗಡಿಸಿದ್ದಾನೆ. ಹೋಗುವಾಗಲೂ ಬರುವಾಗಲೂ ಒಂದೇ ಪಾಠ ಕೊಡುವ ರಚನೆಗೆ ಹಳಬರು ಗತಪ್ರತ್ಯಾಗತವೆಂದರು. ಕನಕ, ನಯನ, ಜಲಜ, ನವೀನ, ವಿಕಟಕವಿ ಎಲ್ಲವೂ ಅಕ್ಷರದ ಲೆಕ್ಕದಲ್ಲಿ ಹಾಗೆ ಓದಿಸಿಕೊಳ್ಳುತ್ತವೆ. ಇದನ್ನು ಬಳಸಿ ಒಂದು ಸುಳಿವು: "ಹೋಗುವಾಗ ಬರುವಾಗ ಒಂದೇ ನೋಟದ ಕಣ್ಣು (3)".

ಮದುವೆ ಮನೆಗಳಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಇಟ್ಟು ಹೇಳುವ ನಮ್ಮ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸಬೇಕಾದ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ.

ಹೊಸ ಪೆನ್ಸಿಲು (ಕಲಬುರಗಿ)

ಗುರುಗಳ ಸುಳಿವಿಗೆ ಉತ್ತರ "ನಯನ" ಎಂದು ನನಗೂ ತಿಳಿಯಿತು. ಆದರೆ ಇದೇ ಕಂತಿನ ಹನ್ನೊಂದನೆಯ ಸುಳಿವಿನಲ್ಲಿ ನಾನು ಪೂರ್ತಿ ಸಿಕ್ಕಿಕೊಂಡಿದ್ದೇನೆ: "ಕಲಬುರಗಿಯಲ್ಲಿ ಸ್ವಲ್ಪ ಹಿಂದಿರುಗಿದ ಅರಸ (2)". ಬಹಮನಿ ಸುಲ್ತಾನರಲ್ಲಿ ಯಾರು ಯುದ್ಧದಿಂದ ಹಿಂದಿರುಗಿ ಬಂದರೆಂದು ಹುಡುಕುತ್ತ ಕುಳಿತೆ. 1347ರಿಂದ ರಾಜಧಾನಿ ಬೀದರಿಗೆ ಹೋಗುವವರೆಗಿನ ಹೆಸರುಗಳನ್ನೆಲ್ಲ ಓದಿದೆ. ಎರಡು ಅಕ್ಷರಗಳಲ್ಲಿ ಯಾವುದೂ ಕೂರಲಿಲ್ಲ. ಇಂಥದ್ದನ್ನು ಎಲ್ಲಿಂದ ಆರಂಭಿಸಬೇಕೆಂದು ದಯವಿಟ್ಟು ಹಂತಹಂತವಾಗಿ ಹೇಳಿಕೊಡಿ, ಸರ್.

ಶಹಾಬಾದ ಕಲ್ಲು

ಸುಳಿವು ಹೇಳುವ ಕಥೆಯನ್ನು ನಂಬಿದ್ದರಿಂದ ನೀವು ಇತಿಹಾಸಕ್ಕೆ ಹೋದಿರಿ. ಕಥೆಯನ್ನು ಬದಿಗಿಟ್ಟು ಮೊದಲು ಎರಡು ತುದಿಗಳನ್ನು ನೋಡಿ. ಅರ್ಥಭಾಗ ಮೊದಲಿಗಿದ್ದರೆ ಅದು "ಕಲಬುರಗಿಯಲ್ಲಿ" ಎಂದು ಆರಂಭವಾಗಬೇಕು. ಸಪ್ತಮಿಯಲ್ಲಿರುವ ಪದ ಉತ್ತರದ ಅರ್ಥವಾಗುವುದು ಕಷ್ಟ. ಹಾಗಾದರೆ ಅರ್ಥಭಾಗ ಕೊನೆಯಲ್ಲಿದೆ, ಅರಸ. ಎರಡು ಅಕ್ಷರಗಳ ಅರಸನೆಂದರೆ ದೊರೆ, ರಾಜ, ಭೂಪ, ನೃಪ. ಇವುಗಳಲ್ಲಿ ಯಾವುದು ಎಂಬುದನ್ನು ಆಟದ ಭಾಗ ತೀರ್ಮಾನಿಸಬೇಕು.

"ಹಿಂದಿರುಗಿದ" ಎಂಬುದು ತಿರುವಿನ ಸೂಚನೆ: ಯಾವುದೋ ಪದವನ್ನು ಹಿಂದಿನಿಂದ ಓದಬೇಕು. ಆ ಪದದ ಅರ್ಥ "ಸ್ವಲ್ಪ". ತುಸು, ಚೂರು, ಕೊಂಚ: ಯಾವುದನ್ನು ತಿರುಗಿಸಿದರೂ ಅರಸ ಸಿಗುವುದಿಲ್ಲ. ಉಳಿದಿರುವುದು "ಕಲಬುರಗಿಯಲ್ಲಿ". ಒಂದು ಪದವೂ ಸುಮ್ಮನೆ ನಿಂತಿರಬಾರದೆಂದು ಮೊದಲೇ ಹೇಳಿದ್ದೆನಲ್ಲ. ಕಲಬುರಗಿಯಲ್ಲಿ ಸ್ವಲ್ಪ ಎನ್ನುವುದಕ್ಕೆ ಏನನ್ನುತ್ತಾರೆ? ಬಸ್ಸಿನಲ್ಲಿ ಪಕ್ಕದವರಿಗೆ ನೀವು ಏನು ಹೇಳುತ್ತೀರಿ? "ಜರಾ ಸರೀರಿ." ಜರಾ ತಿರುಗಿದರೆ "ರಾಜ".

ಕೋಟೆ ಮಣ್ಣು

ಸರ್, ಸುಳಿವು ಸೊಗಸಾಗಿದೆ, ಆದರೆ ನ್ಯಾಯವೇ? ಮೈಸೂರಿನವರೋ ಮಂಗಳೂರಿನವರೋ ಇದನ್ನು ಬಿಡಿಸಬೇಕಾದರೆ ಅವರಿಗೆ ನಮ್ಮ ದಖನಿ ಬೆರೆತ ಮಾತು ಗೊತ್ತಿರಬೇಕು. "ಮುಪ್ಪನ್ನು ಹಿಂದಿರುಗಿಸಿದ ಅರಸ" ಎಂದಿದ್ದರೆ ಜರಾ ಎಂಬ ಸಂಸ್ಕೃತ ಪದದಿಂದ ಅದೇ ಉತ್ತರ ಬರುತ್ತಿತ್ತು, ಯಯಾತಿಯ ಕಥೆಯೂ ಹೊಂದುತ್ತಿತ್ತು, ಎಲ್ಲರಿಗೂ ತಿಳಿಯುತ್ತಿತ್ತು.

ಶಹಾಬಾದ ಕಲ್ಲು

ಯಯಾತಿಯ ಸುಳಿವು ನನ್ನದಕ್ಕಿಂತ ಅಚ್ಚುಕಟ್ಟಾಗಿದೆ, ಅದರಲ್ಲಿ ಸಂದೇಹವಿಲ್ಲ. ನ್ಯಾಯದ ಪ್ರಶ್ನೆಗೆ ಮಾತ್ರ ನನ್ನ ಉತ್ತರ ಬೇರೆ. ಅಫ್ರಿಟ್ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ರಿಚಿಯವರು 1949ರಲ್ಲಿ ಹಾಕಿಕೊಟ್ಟ ನಿಯಮದ ಸಾರ ಇಷ್ಟು: ರಚಿಸುವವನು ತಾನು ಹೇಳಿದಂತೆ ಕಾಣುವುದನ್ನೇ ಉದ್ದೇಶಿಸಿರಬೇಕಾಗಿಲ್ಲ, ಆದರೆ ಉದ್ದೇಶಿಸಿದ್ದನ್ನು ಹೇಳಿಯೇ ಇರಬೇಕು. "ಸ್ವಲ್ಪ ಹಿಂದಿರುಗಿದ ಅರಸ" ಎಂದಷ್ಟೇ ಬರೆದಿದ್ದರೆ ಅದು ಅನ್ಯಾಯವಾಗುತ್ತಿತ್ತು. ಪದ ಯಾವ ಊರಿನದೆಂದು ಸುಳಿವಿನಲ್ಲೇ ಹೇಳಿದ್ದೇನೆ. ಹಳೆ ಮೈಸೂರಿನ ಮಾತನ್ನು ಪದಬಂಧಗಳಲ್ಲಿ ನಾವು ಯಾವ ಸೂಚನೆಯೂ ಇಲ್ಲದೆ ಬಿಡಿಸಿಕೊಂಡು ಬಂದಿದ್ದೇವೆ. ನಮ್ಮ ಮಾತನ್ನು ಊರಿನ ಹೆಸರು ಹೇಳಿ ಕೊಟ್ಟರೆ ಅವರೂ ಬಿಡಿಸಬಲ್ಲರು.

ಸಗರನಾಡಿನಾಕೆ

ಜರಾದ ಪಕ್ಷಕ್ಕೆ ನನ್ನ ಮತ. ಆದರೆ ಹದಿನಾಲ್ಕನೆಯದಕ್ಕೆ ನನ್ನದೂ ಒಂದು ತಕರಾರಿದೆ, ಅಣ್ಣನವರೆ. "ಭೀಮೆಗೆ ಬಂದದ್ದು ತಲೆಗೂ ಬಂತು (2)". ಹೊಳೆಗೆ ಬರುವುದು "ನೆರೆ" ಎಂದು ಒಪ್ಪಿದೆ, ಭೀಮೆಯ ದಂಡೆಯ ಹಳ್ಳಿಗಳಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಕೂದಲು ಬೆಳ್ಳಗಾಗುವುದಕ್ಕೆ ನಮ್ಮ ಮನೆಯ ನಿಘಂಟಿನಲ್ಲಿ "ನರೆ" ಎಂದಿದೆ.

ಕಾಗಿಣಾ ದಂಡೆ

ಎರಡೂ ರೂಪಗಳು ಸಾಧುವೇ, ತಾಯಿ. ಕಲ್ಯಾಣದ ಬಸವಣ್ಣನವರ ವಚನವೊಂದು "ನೆರೆ ಕೆನ್ನೆಗೆ, ತೆರೆ ಗಲ್ಲಕೆ" ಎಂದ ಪಾಠದಲ್ಲೇ ಪ್ರಸಿದ್ಧವಾಗಿದೆ. ಕೂದಲು ನೆರೆತಿದೆ ಎಂದು ಇವತ್ತಿಗೂ ಹೇಳುತ್ತೇವೆ.

ಶಹಾಬಾದ ಕಲ್ಲು

ಗುರುಗಳ ಆಧಾರಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಅಡ್ಡಪದಗಳೂ ಅದನ್ನೇ ಹೇಳುತ್ತವೆ: ಆ ಮೊದಲ ಮನೆಯಲ್ಲಿ ಮೇಲಿನಿಂದ ಕೆಳಕ್ಕೆ ಬರುವ ಪದ "ನೆಲ". ಕನ್ನಡದಲ್ಲಿ ಅಡ್ಡಪದವೊಂದು ಸಿಕ್ಕರೆ ಸಿಗುವುದು ಬರಿಯ ವ್ಯಂಜನವಲ್ಲ, ಕಾಗುಣಿತವೂ ಒತ್ತೂ ಜೊತೆಗೇ ಸಿಗುತ್ತವೆ. ಹೀಗೆ ಬಿಡಿಸುವವರಿಗೆ ಆಗುವ ಲಾಭವೇ ಕಟ್ಟುವವರಿಗೆ ಕಷ್ಟ. ನಿಮ್ಮ ಕತ್ತೆಯನ್ನು ಮುಂದಿನ ಕಂತಿಗೆ ಸೇರಿಸಲು ನೋಡಿದೆ. "ತ್ತೆ" ನಡುವೆ ಬರುವ ಪದ ಸುಲಭವಾಗಿ ಸಿಗದು. ಅದನ್ನು ಕೊನೆಯ ಮನೆಯಾಗಿಸಿ "ಪತ್ತೆ"ಯೊಂದಿಗೆ ಹೊಂದಿಸಿದ ಮೇಲೆ ಚೌಕ ಕೂತಿತು.

ಹೊಸ ಪೆನ್ಸಿಲು

ನಾನೂ ಒಂದು ಕಟ್ಟಿದ್ದೇನೆ, ಹಿರಿಯರು ತಿದ್ದಬೇಕು. "ಕಮಾನು, ಲಗಾಮು, ಬುರುಜು, ರಸ್ತೆ, ಗಿರಾಕಿ: ಎಲ್ಲದರ ಮೊದಲಿಗೆ ಕಾಣುವ ಊರು (5)".

ಕೋಟೆ ಮಣ್ಣು

ಐದು ಪದಗಳ ಮೊದಲ ಅಕ್ಷರಗಳು ಸೇರಿ "ಕಲಬುರಗಿ". ಕೋಟೆ ದಾಟಿ ಪೇಟೆಗೆ ಬರುವವರ ಕಣ್ಣಿಗೆ ಬೀಳುವ ಸಾಲೇ ಇದು. ನನಗೆ ತಿದ್ದುವಂಥದ್ದು ಕಾಣಲಿಲ್ಲ. ನಮ್ಮ ಸಗರನಾಡಿನ ಅಕ್ಕನವರಿಗಾಗಿ ಒಂದನ್ನು ಇಟ್ಟು ಹೋಗುತ್ತೇನೆ: "ಕೊನೆಯಿಲ್ಲದ ಯಾದವ ಬೆಟ್ಟ ಸೇರಿದ ಜಿಲ್ಲೆ (4)".

ಸಗರನಾಡಿನಾಕೆ

ಯಾದವ ಎಂಬುದರ ಕೊನೆಯ ಅಕ್ಷರ ಬಿಟ್ಟರೆ ಯಾದ, ಅದಕ್ಕೆ ಬೆಟ್ಟವೆಂಬ ಗಿರಿ ಸೇರಿದರೆ "ಯಾದಗಿರಿ". ಪಟ್ಟಣದ ನಡುವೆ ಕೋಟೆ ಹೊತ್ತು ನಿಂತ ಬೆಟ್ಟವೂ, ಊರಿನ ಹೆಸರಿಗೆ ಯಾದವರನ್ನು ಕಾರಣವಾಗಿ ಹೇಳುವ ನಮ್ಮ ಹಿರಿಯರ ಮಾತೂ ಸುಳಿವಿನಲ್ಲೇ ಬಂದಿರುವುದರಿಂದ, ಇದನ್ನು ಮುಂದಿನ ಕಂತಿನ ಒಂದನೆಯ ಮನೆಗೆ ಹಾಕಬೇಕೆಂದು ಅಣ್ಣನವರಲ್ಲಿ ವಿನಂತಿ.

ಶಹಾಬಾದ ಕಲ್ಲು

ಹಾಕಿದ್ದೇನೆ, ತಂಗಿ. ಎಡದಿಂದ ಬಲಕ್ಕೆ 1, ನಾಲ್ಕು ಮನೆ. ಅದರ "ಗಿ"ಯಲ್ಲೇ ಹೊಸ ಪೆನ್ಸಿಲಿನವರ ಕಲಬುರಗಿ ಮೇಲಿನಿಂದ ಕೆಳಕ್ಕೆ ಬಂದು ಮುಗಿಯಬೇಕಾಗುವುದರಿಂದ, ಯಾದಗಿರಿಯನ್ನು ಐದನೆಯ ಸಾಲಿಗೆ ಇಳಿಸಬೇಕೋ ಬೇಡವೋ ಎಂಬುದೊಂದು ಉಳಿದಿದೆ. ಇಳಿಸಿದರೆ ಸುಳಿವಿನ ಸಂಖ್ಯೆ ಬದಲಾದೀತು, ಪದ ಮಾತ್ರ ಇರುತ್ತದೆ.